ನಾನು ನಡೆಸದ ಹುಲಿ

ಬಾಲಿಗಂಜ್‌ನ ನಮ್ಮ ಕಂಪ್ಯೂಟರ್ ಗೇಮ್ ಆಫೀಸಿನಲ್ಲಿ, ಆಟದೊಳಗಿನ ಹುಲಿಯನ್ನು ನಡೆಸುವ ಕೋಡ್, ಅಂದರೆ ಸ್ಕ್ರಿಪ್ಟ್, ತಿದ್ದುವುದು ನನ್ನ ಕೆಲಸ. ಆಟ ಆಡಿ ತಪ್ಪು ಹುಡುಕುವ ಮೌಶುಮಿದಿ ಒಂದು ತಿಂಗಳಿಂದ ಹೇಳುತ್ತಲೇ ಇದ್ದರು, "ನೀನು ಬಂದಮೇಲೆ ಹುಲಿಗೆ ಎಂಥಾ ಗತ್ತು ಬಂತು ನೋಡು!" ನಾನೂ ಉಬ್ಬಿಹೋಗಿದ್ದೆ.

ಒಂದು ಮಧ್ಯಾಹ್ನ ಅವಸರದಲ್ಲಿ ಸ್ಕ್ರಿಪ್ಟಿನ ಒಂದು ಬ್ರಾಕೆಟ್ ಮುಚ್ಚುವುದನ್ನೇ ಮರೆತೆ. ಅಷ್ಟು ತಪ್ಪಿದರೂ ಸಾಕು, ಆಟ ಅಲ್ಲೇ ನಿಲ್ಲಬೇಕಿತ್ತು. ಹುಲಿ ಮಾತ್ರ ಆರಾಮಾಗಿ ನಡೆಯುತ್ತಿತ್ತು. ಹುಡುಕಿದಾಗ ಗೊತ್ತಾಯಿತು: ಆಟ ಯಾವ ಯಾವ ಫೋಲ್ಡರಿನಲ್ಲಿ ಸ್ಕ್ರಿಪ್ಟ್ ಹುಡುಕಬೇಕು ಎಂಬ ಪಟ್ಟಿಯಲ್ಲಿ, ಕೆಲಸ ಬಿಟ್ಟುಹೋದ ಯಾರದೋ ಹಳೆಯ ಫೋಲ್ಡರ್ ಮೊದಲಿತ್ತು. ಅದೇ ಹೆಸರಿನ ಫೈಲ್ ಅಲ್ಲೇ ಸಿಗುತ್ತಿದ್ದರಿಂದ ಆಟ ನನ್ನ ಫೋಲ್ಡರಿನತ್ತ ತಿರುಗಿಯೂ ನೋಡಿರಲಿಲ್ಲ. ತಿಂಗಳಿಡೀ ನಾನು ಬರೆದದ್ದರಲ್ಲಿ ಒಂದು ಸಾಲೂ ಓಡಿರಲಿಲ್ಲ.

ಸುಮ್ಮನಿರಬಹುದಿತ್ತು. ಮನಸ್ಸು ಒಪ್ಪದೆ ಮೌಶುಮಿದಿಗೆ ಹೇಳಿಬಿಟ್ಟೆ. ಅವರು ಚಹಾದ ಮಣ್ಣಿನ ಕುಡಿಕೆ ಕೆಳಗಿಟ್ಟು, "ಹಾಗಾದರೆ ನಿನ್ನ ಹುಲಿ ತೋರಿಸು" ಎಂದರು. ಬ್ರಾಕೆಟ್ ಮುಚ್ಚಿ, ನನ್ನ ಫೋಲ್ಡರನ್ನು ಪಟ್ಟಿಯ ಮೊದಲಿಗೆ ತಂದೆ.

ಸ್ವಲ್ಪ ಹೊತ್ತು ನೋಡಿ ಕೇಳಿದರು, "ಅಯ್ಯೋ ಪಾಪ, ಇದರ ಕಾಲಿಗೇನಾಯಿತು?"

ಈಗ ಹಳೆಯ ಫೋಲ್ಡರೇ ಮತ್ತೆ ಮೊದಲಿದೆ. ಆ ಚೆಂದದ ನಡಿಗೆ ಬರೆದವರು ಯಾರೆಂದು ಆಫೀಸಿನಲ್ಲಿ ಒಬ್ಬರಿಗೂ ನೆನಪಿಲ್ಲ. ನನ್ನನ್ನು ಮಾತ್ರ ಎಲ್ಲರೂ ಬಲ್ಲರು, ಹುಲಿಯನ್ನು ಕುಂಟಿಸಿದವನು ಅಂತ.