ಫೈಫ್‌ನ ಅರ್ಲ್ ಪದವಿ ಮತ್ತು ಮೋತಿ ಡೊಂಗರಿನ ಜವಳ

ಇಂದು ಬೆಳಿಗ್ಗೆ ಕಪಾಟು ಝಾಡಿಸುವಾಗ ಹಳೆಯ ಕಾಗದದ ವಾಸನೆ ಮೂಗಿಗೆ ಬಡಿಯಿತು. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಕೊಂಡ, ಸ್ಕಾಟ್ಲೆಂಡಿನ ಸರದಾರ ಮನೆತನಗಳ ಚರಿತ್ರೆ. ದಿನಕ್ಕೆ ನಾಲ್ಕೇ ಪುಟ ಎಂದು ನೇಮ ಹಾಕಿಕೊಂಡು ಓದಿದ್ದೆ. ಮಡಗಾಂವಿನ ಪಿಂಚಣಿದಾರನಿಗೆ ಅದು ಯಾತಕ್ಕೆ ಎನ್ನುತ್ತೀರೇನೋ. ಒಂದು ದಿನ ಉಪಯೋಗಕ್ಕೆ ಬಂತು.

2004ರ ಮಾರ್ಚ್, ಭಾನುವಾರ, ಬೆಳಿಗ್ಗೆ ಒಂಬತ್ತು. ನಮ್ಮೂರ ಗುಡ್ಡದ ವಸತಿ ಮೋತಿ ಡೊಂಗರಿನಲ್ಲಿ, ಗೋಡೆ ಕಟ್ಟುವ ಗವಂಡಿ ಬಸಪ್ಪನ ಮಗನ ಜವಳ, ಅಂದರೆ ಹುಟ್ಟುಗೂದಲು ತೆಗೆಸುವ ಶಾಸ್ತ್ರ. ಇದ್ದವರು ಬಸಪ್ಪ, ಹೆಂಡತಿ ಶಾಂತವ್ವ, ಅವನ ತಮ್ಮ, ಕ್ಷೌರಿಕ, ಹಿರಿಯನೆಂದು ಕರೆಸಿಕೊಂಡ ನಾನು. ಮೊದಲ ಕತ್ತರಿ ಹಾಕುವ ಮಾನ ಕೂಸಿನ ಸೋದರಮಾವನದು. ಅವನು ಸಾಂಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ. ಅವನ ಬದಲಿಗೆ, ಅವನಿಗೂ ಶಾಂತವ್ವನಿಗೂ ಅಕ್ಕನಾದ ಗಂಗವ್ವ ಬರುವವಳಿದ್ದಳು.

ಒಂಬತ್ತಾದರೂ ಬರಲಿಲ್ಲ. "ಟೈಮ್ ಅಂದ್ರ ಟೈಮ್. ಹಚ್ಚು ಕತ್ತರಿ" ಎಂದೆ. ಬಸಪ್ಪನ ತಮ್ಮ ಕತ್ತರಿ ಹಾಕಿದ.

ಇಪ್ಪತ್ತು ನಿಮಿಷಕ್ಕೆ ಗಂಗವ್ವ ಬಂದಳು. ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಕೈಚೀಲದಲ್ಲಿ ಹೊಸ ಅಂಗಿ, ಬೆಳ್ಳಿಯ ಉಡಿದಾರ.

"ಮುಗಿಸಿಬಿಟ್ರೇನ್ರಿ? ಅವ್ವ ಇಲ್ಲ, ತಮ್ಮ ಹಾಸಗಿ ಹಿಡದಾನ. ನಮ್ಮ ಶಾಂತಾಗ ತವರಮನಿ ಅನ್ನೂದು ಇನ್ನ ಏನ್ ಉಳೀತ್ರಿ?"

ಶಾಂತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಏನ್ ಮಾಡೂದ್ರಿ ಅಕ್ಕಾರ, ಸಾಹೇಬ್ರ ಗಡಿಯಾರಕ್ಕ ಅಕ್ಕ-ತಂಗಿ ಇಲ್ಲ" ಎಂದ ಬಸಪ್ಪ.

ಆಗ ನನಗೆ ಆ ಪುಸ್ತಕದಲ್ಲಿ ಓದಿದ ಸ್ಕಾಟ್ಲೆಂಡಿನ ಫೈಫ್ ಪ್ರಾಂತ ನೆನಪಾಯಿತು. ಅಲ್ಲಿಯ ಅರ್ಲ್ ಎಂದರೆ ನಮ್ಮ ದೇಸಾಯರಂಥವನು. ಹೊಸ ಅರಸನನ್ನು ಗದ್ದುಗೆಗೆ ಕೂರಿಸುವ ಮಾನ ತಲೆತಲಾಂತರದಿಂದ ಆ ಪದವಿಯದು. ಒಮ್ಮೆ ಅರ್ಲ್ ಆಗಿದ್ದ ಹುಡುಗ ಇಂಗ್ಲೆಂಡಿನ ದೊರೆಯ ಕೈಯಲ್ಲಿದ್ದ. ಅವನ ಬದಲಿಗೆ ಮನೆತನದ ಹೆಣ್ಣುಮಗಳು ಕುದುರೆ ಹತ್ತಿ ಹೊರಟಳು. ಅವಳು ಮುಟ್ಟುವಷ್ಟರಲ್ಲಿ ಪಟ್ಟ ಕಟ್ಟಿ ಮುಗಿದಿತ್ತು. ಅವಳ ಕೈಯಿಂದ ಆಗಲೆಂದು ಅರಸನಿಗೆ ಇನ್ನೊಮ್ಮೆ ಪಟ್ಟ ಕಟ್ಟಿದರು.

ಇದನ್ನು ಹೇಳಿ, "ತಪ್ಪು ನಂದು. ಇನ್ನೊಮ್ಮೆ ಮಾಡ್ರಿ" ಎಂದೆ.

"ರಾಜಾಗ ಎರಡ ಸರ್ತಿ ನಡೀತದ ಅಂದ್ರ ನಮ್ಮ ಕೂಸಿಗೇನ್ರಿ!" ಎಂದ ಕ್ಷೌರಿಕ. "ಪುಣ್ಯಕ್ಕ ಬಲಗಿವಿ ಕಡೆ ಕೂದಲಾ ಇನ್ನೂ ಐತಿ."

ಗಂಗವ್ವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಆಗಷ್ಟೇ ಸುಮ್ಮನಾಗಿದ್ದ ಅದು ಮತ್ತೆ ಕಿರುಚಿತು. ಶಾಂತವ್ವ ಅಳುತ್ತಲೇ ನಕ್ಕಳು.

ಸಂಜೆ ಗಂಗವ್ವ ನನ್ನನ್ನು ಟೆಲಿಫೋನ್ ಬೂತಿಗೆ ಕರೆದುಕೊಂಡು ಹೋದಳು. "ತಮ್ಮಗ ನೀವ ಹೇಳ್ರಿ, ನಿಮ್ಮ ಮಾತು ನಂಬ್ತಾನ."

ಸಾಂಗೆಯಿಂದ ಅವನ ಮೊದಲ ಪ್ರಶ್ನೆಯೇ, "ಮೊದಲನೇ ಕತ್ತರಿ ಯಾರ್ದಾತ್ರಿ, ಸಾಹೇಬ್ರ?"

ನೌಕರಿಯುದ್ದಕ್ಕೂ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದವನು ನಾನು. ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮ ಅಕ್ಕಂದಪಾ" ಎಂದೆ. ಅದನ್ನು ತಿದ್ದಬೇಕೆಂದು ಇವತ್ತಿಗೂ ಅನ್ನಿಸಿಲ್ಲ. ರಿಸೀವರ್ ಕೆಳಗಿಟ್ಟೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.