ಮಾಬ್ಲ ಗೌಡರ ಕೊಕ್ಕೆಯಿಲ್ಲದ ಗಾಳ

ಮಿರ್ಜಾನದ ಮಾಬ್ಲ ಗೌಡರು ಬಸ್ ಕಂಡಕ್ಟರ್ ಹುದ್ದೆಯಿಂದ ನಿವೃತ್ತರಾದದ್ದು 2018ರ ಜೂನ್ 30ರಂದು, ಶನಿವಾರ. ಮರುದಿನ ಬೆಳಿಗ್ಗೆ ಆರಕ್ಕೆ ಅವರು ಅಘನಾಶಿನಿಯ ದಂಡೆಯಲ್ಲಿ ಕೊಡೆಯಡಿ ಗಾಳ ಹಿಡಿದು ಕುಳಿತಿದ್ದರು. ಹೊಟ್ಟೆಪಾಡಿಗಲ್ಲ, ಬರಿಯ ಖುಷಿಗೆ. ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ.

ಆದರೆ ಹೊಳೆಯಲ್ಲಿ ರಾವಸ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಯಿತು. ಆದಕಾರಣ ಊರ ಮೀನುಗಾರರ ಸಮಿತಿಯು 2024ರ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 31ರವರೆಗೆ, ಅಂದರೆ ಅರವತ್ತೊಂದು ದಿನ, ಖುಷಿಗಾಗಿ ಗಾಳ ಹಾಕುವುದನ್ನು ನಿಷೇಧಿಸಿತು. ಸಿಕ್ಕಿಬಿದ್ದವರ ಗಾಳದ ಕೋಲು ಸಮಿತಿಯ ವಶ, ಮತ್ತೆ ಹಿಂತಿರುಗದು. ಕಾವಲಿಗೆ ನೇಮಕವಾದವಳು ಹೊಳೆಯ ತಳದಿಂದ ಬಳಚು ಚಿಪ್ಪು ಆರಿಸುವ ಲಕ್ಕಿ. ದಿನವಿಡೀ ಸೊಂಟಮಟ್ಟದ ನೀರಿನಲ್ಲಿರುವ ಅವಳ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ.

ಆರು ಭಾನುವಾರ ಗೌಡರು ಜಗಲಿಯಲ್ಲಿ ಚಡಪಡಿಸಿದರು. ಏಳನೆಯ ಭಾನುವಾರ, ಅಕ್ಟೋಬರ್ 13ರಂದು, ಕೊಕ್ಕೆಯನ್ನು ಬಿಚ್ಚಿ ಮನೆಯಲ್ಲಿಟ್ಟು, ದಾರದ ತುದಿಗೆ ಸಿಗಡಿಯನ್ನು ಹೂ ಕಟ್ಟಿದಂತೆ ಬಿಗಿದು ದಂಡೆಗೆ ಬಂದು ದಾರವನ್ನು ನೀರಿಗೆ ಬಿಟ್ಟರು.

"ಮಾಬ್ಲಣ್ಣ, ಕೋಲು ಕೊಡಿ ಇಲ್ಲಿ!" ಲಕ್ಕಿ ನೀರಿನಿಂದಲೇ ಕೂಗಿದಳು.

"ಎಂತಕ್ಕೆ? ಕೊಕ್ಕೆನೇ ಇಲ್ಲ. ಮೀನಿಗೆ ಊಟ ಹಾಕೂಕೆ ಬಂದವ ನಾನು."

"ಹೌದೌದು, ಮದ್ವೆ ಊಟ! ಬಾಳೆಎಲೆ ಎಲ್ಲದೆ?"

ಅವಳು ಬಂದು ಕೋಲಿಗೆ ಕೈಹಾಕುವುದಕ್ಕೂ ಕೋಲು ಬಿಲ್ಲಿನಂತೆ ಬಾಗುವುದಕ್ಕೂ ಸರಿಹೋಯಿತು. ಗೌಡರು ಜಾರಿ ನೀರಿಗೆ ಬಿದ್ದರು, ಕೋಲು ಬಿಡಲಿಲ್ಲ. ಲಕ್ಕಿಗೆ ತನ್ನ ಕಾವಲೇ ಮರೆತುಹೋಯಿತು.

"ಬಿಡ್ಬೇಡಿ ಮಾಬ್ಲಣ್ಣ, ಬಿಡ್ಬೇಡಿ!" ಎನ್ನುತ್ತ ತಾನೂ ಜಗ್ಗಿದಳು.

ತೋಳುದ್ದದ ರಾವಸವೊಂದು ಬೆಳ್ಳಿಯಂತೆ ಮೇಲಕ್ಕೆ ಚಿಮ್ಮಿ, ಸಿಗಡಿಯನ್ನು ಕಿತ್ತುಕೊಂಡು ಹೋಯಿತು. ಅದರ ಹಿಂದೆ ಮರಿಗಳ ದಂಡೇ ಮಿನುಗಿತು. ಇಬ್ಬರೂ ನೀರಿನಲ್ಲಿ ಕುಳಿತು ಉಸಿರುಗಟ್ಟುವಷ್ಟು ನಕ್ಕರು.

ಸುದ್ದಿ ಊರೆಲ್ಲ ಹಬ್ಬಿ, ಅಕ್ಟೋಬರ್ 27ರ ಸಮಿತಿಯ ಸಭೆಯಲ್ಲಿ ಗೌಡರ ಕೋಲಿನ ವಿಚಾರಣೆ ನಡೆಯಿತು.

"ಕೊಕ್ಕೆ ಇರ್ಲಿಲ್ಲ. ನಾನೂ ಜಗ್ಗಿದ್ದೆ. ವಶ ಮಾಡೂದಾದ್ರೆ ನನ್ನನ್ನೂ ಮಾಡಿ," ಎಂದಳು ಲಕ್ಕಿ.

"ರಾವಸ ನಿಜಕ್ಕೂ ಬಂದದ್ಯಾ?" ಅಧ್ಯಕ್ಷರು ಕೇಳಿದರು.

ಗೌಡರು ಬೆಂಚು ಹತ್ತಿ ಎರಡೂ ಕೈ ಚಾಚಿದರು. "ಇಷ್ಟುದ್ದ! ಮರಿಗಳಂತೂ ಲೆಕ್ಕಕ್ಕಿಲ್ಲ!"

"ಹಂಗಾದ್ರೆ ನಿಷೇಧ ಫಲ ಕೊಟ್ಟದೆ. ಮಾರ್ಚ್ 31ರವರೆಗೂ ಮುಂದುವರಿಸುವ."

ಗೌಡರ ಕೈಗಳು ಚಾಚಿದಂತೆಯೇ ಉಳಿದವು. ಸಭೆ ಗೊಳ್ಳೆಂದಿತು; ಕೊನೆಗೆ ಅವರೂ ನಕ್ಕರು. ಕೋಲು ಉಳಿಯಿತು, ಕೊಕ್ಕೆಯಿಲ್ಲದ ಗಾಳಕ್ಕೆ ಒಪ್ಪಿಗೆಯೂ ದೊರೆಯಿತು.

ನವೆಂಬರ್ 3, ಭಾನುವಾರ, ದಂಡೆಯಲ್ಲಿ ಹದಿನಾಲ್ಕು ಕೋಲುಗಳಿದ್ದವು. ಗೌಡರ ಪಕ್ಕದ್ದು ಲಕ್ಕಿಯದು.