ಹೊಳೆಗೆ ಮುಖ

ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎದುರಿಗೇ ಒಂದು ಚಾದಂಗಡಿ ಇತ್ತು, ಆದರೆ ಒಲೆ ಆರಿತ್ತು.

"ಊರಾಗ ಆಯಿ ಒಬ್ಬಾಕಿ ತೀರ್ಯಾಳ್ರಿ. ಎಲ್ಲಾರೂ ಹೊಳಿ ಕಡಿ ಹೋಗ್ಯಾರ," ಎಂದು ಅಂಗಡಿಯ ಹೆಂಗಸು ಬಾಗಿಲೆಳೆದುಕೊಂಡು ತಾನೂ ಹೊರಟಳು. ಸುಮ್ಮನೆ ಕೂರಲಾಗದೆ ನಾನೂ ಅವಳ ಹಿಂದೆ ನಡೆದೆ.

ಹೊಳೆ ಎಲ್ಲೂ ಇರಲಿಲ್ಲ. ಓಣಿ ಮುಗಿದಲ್ಲಿ ತೊಗರಿ ಹೊಲ, ಅದರಾಚೆ ಬೋಳು ಕಲ್ಲುಗುಡ್ಡ. ಕೇಳಿದ್ದಕ್ಕೆ ಅವಳು ಹೇಳಿದಳು: "ಹಳೇ ಊರು ಡ್ಯಾಮಿನ ನೀರಾಗ ಮುಳುಗ್ಯಾದ್ರಿ. ಅಲ್ಲಿ ಮೂಡಲಕ್ಕ ಹೊಳಿ ಇತ್ತಂತ. ಹಂಗಾಗಿ ಇಲ್ಲೂ ಮೂಡಲಕ್ಕ ಹೊಳಿ ಕಡಿ ಅಂತೀವಿ."

"ನೀವು ಆ ಹೊಳೆ ನೋಡಿದ್ದೀರಾ?"

"ಇಲ್ರಿ. ನಾ ಹುಟ್ಟಿದ್ದು ಇಲ್ಲೇ."

ಸತ್ತವರನ್ನು ಹೊಳೆಗೆ ಮುಖ ಮಾಡಿ ಕೂಡಿಸಿ ಮಣ್ಣು ಮಾಡುವುದು ಈ ಊರವರ ಪದ್ಧತಿಯಂತೆ. ನಾನು ಶಾಲೆಯಲ್ಲಿ ಭೂಗೋಳ ಹೇಳುವವನು. ಜನ ಊರು ಬಿಡುವುದನ್ನು ನಕ್ಷೆಯ ಮೇಲೆ ಒಂದು ಬಾಣ ಎಳೆದು ಮುಗಿಸುತ್ತೇನೆ. ಇಲ್ಲಿ ಇಬ್ಬರು ಗಂಡುಮಕ್ಕಳು ಕುಣಿಯಲ್ಲಿಳಿದು, ತಾಯಿಯನ್ನು ಮೂಡಲ ದಿಕ್ಕಿನ ಗುಡ್ಡದ ಕಡೆಗೆ ನಿಧಾನವಾಗಿ ತಿರುಗಿಸಿ ಕೂಡಿಸುತ್ತಿದ್ದರು. ಯಾರಿಗೂ ಅಡ್ಡಿಯಾಗಬಾರದೆಂದು ನಾನು ಜನರನ್ನು ಬಿಟ್ಟು, ಕುಣಿಯ ಆಚೆ ಬದಿಗೆ ಹೋಗಿ ಗುಡ್ಡಕ್ಕೆ ಬೆನ್ನು ಮಾಡಿ ನಿಂತೆ. ಅಲ್ಲಿ ಬೇರೆ ಯಾರೂ ನಿಂತಿರಲಿಲ್ಲ.

ಹಿರಿಯ ಮಗ ಕುಣಿಯೊಳಗಿನಿಂದ ತಲೆ ಎತ್ತಿ ನನ್ನನ್ನು ನೋಡಿದ.

"ಜರಾ ಬಾಜೂಕ ಸರೀರಿ, ಸಾಹೇಬ್ರ. ಅವ್ವಗ ಹೊಳಿ ಕಾಣವಲ್ದು."